ಕಣದ ಮೇಲೆ ಕಾಳಗ

ಜರ್ಮನ್ ಯುದ್ಧಕ್ಕೆ ಸಿಪಾಯಿಗಳನ್ನು ಸೇರಿಸಲು ಮಳವಳ್ಳಿಯಲ್ಲಿ ಇವತ್ತು ಹಳೆಯ ಕಾಳಗವೊಂದನ್ನು ಆಡಿ ತೋರಿಸಿದರು. ನಮ್ಮ ಸುಲ್ತಾನರು ಇಲ್ಲೇ ಇಂಗ್ಲಿಷರಿಗೆ ಸೋತ ಕಾಳಗ. ಅದನ್ನು ನಮ್ಮ ರೈತರ ಕೈಲೇ ಆಡಿಸಿ, ನಮ್ಮಿಂದಲೇ ಚಪ್ಪಾಳೆ ತಟ್ಟಿಸಿಕೊಳ್ಳುವ ಕೊಬ್ಬು ನೋಡಿ! ಅದೂ ಎಲ್ಲಿ? ರಾಗಿ ಒಕ್ಕಲು ಸಗಣಿ ಸಾರಿಸಿ ಅಣಿಮಾಡಿದ್ದ ಕಣದಲ್ಲಿ. ನೆಲ ಸಮವಾಗಿದೆಯೆಂದು ಅಧಿಕಾರಿಗಳ ಕುರ್ಚಿಗಳನ್ನೂ ಅಲ್ಲೇ ಹಾಕಿದ್ದರು. ನನ್ನ ಕುರ್ಚಿಯೂ ಅವುಗಳ ಸಾಲಿನಲ್ಲೇ ಇತ್ತು.

ಇಂಗ್ಲಿಷರ ಪಾತ್ರದಲ್ಲಿದ್ದ ಕೆಂಪು ಕೋಟಿನ ಸಿಪಾಯಿಗಳು ಬೂಟುಗಾಲಲ್ಲೇ ಕಣ ತುಳಿದರು. ಕತ್ತಿಯೆತ್ತಿ ಓಡಿಬಂದ ಸುಲ್ತಾನರ ದಂಡು ಮಾತ್ರ ಕಣದಂಚಿನಲ್ಲಿ ಗಕ್ಕನೆ ನಿಂತಿತು. ಎಲ್ಲರೂ ಎಕ್ಕಡ ಕಳಚಿಟ್ಟು, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು, ಆಮೇಲೆ ಸಾಯಲು ಒಳಗೆ ಬಂದರು. ಕುರ್ಚಿಗಳಲ್ಲಿ ನಗೆಯೋ ನಗೆ. "ಯುದ್ಧದಲ್ಲೂ ಮಡಿಯೇನ್ರಯ್ಯಾ?" ಎಂದು ಪಕ್ಕದ ಅಧಿಕಾರಿ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ನನಗೆ ಮೈಯೆಲ್ಲ ಉರಿಯಿತು.

ನಮ್ಮ ಮುಂದೆಯೇ ಹೆಣವಾಗಿ ಬಿದ್ದಿದ್ದ ರೈತ, ಆ ಕಣದ ಒಡೆಯನೇ, ತಲೆಯೆತ್ತಿದ.

"ಸತ್ತೋನು ನಾನೇ ಎಕ್ಡ ಬುಟ್ಟು ಬಂದಿವ್ನಿ. ಬದ್ಕಿರೋರು, ನಿಮ್ಗೇನ್ ಸ್ವಾಮಿ ದಾಡಿ? ಬುಚ್ರಿ ಬೂಟ!"

ಅಧಿಕಾರಿಯನ್ನು ಬೈಯಲು ಬಾಯಿ ತೆರೆದಿದ್ದ ನಾನು, ಬಗ್ಗಿ ನನ್ನ ಬೂಟಿನ ದಾರಕ್ಕೆ ಕೈಹಾಕಿದೆ.