ಓಡಬೇಡ ಎಂದ ಮೇಲೆ

ಖೋ-ಖೋ ಆಡುವಾಗ ಸಂಘಮಿತ್ರಾ ನನ್ನ ಪಕ್ಕದ ಚೌಕದಲ್ಲಿ ಕೂರುತ್ತಿದ್ದಳು. ಭದ್ರಾವತಿಯ ನಮ್ಮ ಹೈಸ್ಕೂಲು ತಂಡದಲ್ಲಿ ಅವಳಷ್ಟು ಚುರುಕಾಗಿ ಎದ್ದು ಓಡುವವರು ಬೇರೆ ಯಾರೂ ಇರಲಿಲ್ಲ. ಬೆನ್ನಿಗೆ ಕೈ ತಾಗಿ ‘ಖೋ’ ಎಂಬ ಕೂಗು ಮುಗಿಯುವಷ್ಟರಲ್ಲಿ ಅವಳು ಕೂತಿದ್ದ ಜಾಗ ಖಾಲಿಯಾಗಿರುತ್ತಿತ್ತು. ಅವಳ ಅಪ್ಪ ಹಾಲೇಶ್ ಕಾರ್ಖಾನೆಯಲ್ಲಿ ಫಿಟ್ಟರ್. ಮೊದಲ ಪಾಳಿ ಮುಗಿಸಿ, ಊಟದ ಡಬ್ಬಿ ಹಿಡಿದುಕೊಂಡೇ ಮೈದಾನಕ್ಕೆ ಬಂದು ಮಗಳ ಆಟ ನೋಡುತ್ತಿದ್ದರು.

ನಾವು ಒಂಬತ್ತನೇ ಕ್ಲಾಸಿನಲ್ಲಿದ್ದ ವರ್ಷ, ೧೯೯೬ರಲ್ಲಿ, ಬೆಳಿಗ್ಗೆ ಏಳುವಾಗ ಅವಳ ಮಂಡಿಗಳು ಬಿಗಿದುಕೊಳ್ಳತೊಡಗಿದವು. ಬಲಗಾಲಿನ ಮಂಡಿ ಬನ್ನಿನ ಹಾಗೆ ಊದಿದ್ದನ್ನು ಲಂಗ ಸರಿಸಿ ನನಗೊಬ್ಬಳಿಗೇ ತೋರಿಸಿದ್ದಳು.

“ಯಾರಿಗೂ ಹೇಳ್ಬೇಡ ತನುಜಾ. ಬಿಸಿಲೇರಿದ್ರೆ ಸರಿ ಹೋಗುತ್ತೆ. ಟೀಮಿಂದ ತೆಗೆದುಬಿಡ್ತಾರೆ.”

ನಾನು ಹೇಳಲಿಲ್ಲ. ಶಿವಮೊಗ್ಗದಲ್ಲಿ ಜಿಲ್ಲಾ ಪಂದ್ಯದ ದಿನ ಅವಳ ಬೆನ್ನಿಗೆ ‘ಖೋ’ ಬಿತ್ತು, ಅವಳು ಏಳಲಿಲ್ಲ. ಎರಡೂ ಕೈ ನೆಲಕ್ಕೂರಿ, ಹಲ್ಲು ಕಚ್ಚಿ, ಕುಕ್ಕರಗಾಲಿನಲ್ಲಿ ಕೂತೇ ಇದ್ದಳು. ಪಿ.ಟಿ. ಮಾಸ್ತರು ಶಿವಮೂರ್ತಪ್ಪ ಓಡಿ ಬಂದು ಅವಳನ್ನು ಎತ್ತಿಕೊಂಡು ಹೊರಗೆ ತಂದರು. ಅವಳ ಚೌಕಕ್ಕೆ ನನ್ನನ್ನು ಸರಿಸಿ, ನನ್ನ ಚೌಕದಲ್ಲಿ ಬದಲಿ ಹುಡುಗಿಯನ್ನು ಕೂರಿಸಿದರು.

ಮರುವಾರ ಹಾಲೇಶ್ ಮತ್ತು ಮಾಸ್ತರು ಅವಳನ್ನು ಶಿವಮೊಗ್ಗದ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದರು. ಹಟ ಮಾಡಿ ನಾನೂ ಜೊತೆಗೆ ಹೋದೆ. ರಕ್ತ ಪರೀಕ್ಷೆ ಎಲ್ಲ ಆಯಿತು. ಮಕ್ಕಳಿಗೂ ಬರುವ ಒಂದು ಬಗೆಯ ಸಂಧಿವಾತ ಅಂದರು.

“ಆಟ ಪೂರ್ತಿ ಬಿಡ್ಬೇಡಮ್ಮ,” ಎಂದರು ಡಾಕ್ಟರಮ್ಮ. “ಸುಮ್ನೆ ಮಲಗಿದ್ರೆ ಕೀಲು ಇನ್ನೂ ಬಿಗಿಯುತ್ತೆ. ಆದ್ರೆ ಕುಕ್ಕರಗಾಲಲ್ಲಿ ಕೂತು ಜಿಗಿಯೋದು, ಓಡ್ತಾ ಓಡ್ತಾ ಗಕ್ಕನೆ ತಿರುಗೋದು ಬೇಡ. ಊತ ಇಳಿದ ಮೇಲೆ ಈಜು ಕಲಿ, ನೀರು ನಿನ್ನ ಭಾರ ಹೊರುತ್ತೆ. ಇಲ್ಲಾಂದ್ರೆ ಸೀಟು ಎತ್ತರ ಮಾಡ್ಕೊಂಡು ಸೈಕಲ್ ಹೊಡಿ.”

“ಖೋ-ಖೋ ಯಾವಾಗ ಆಡ್ಬಹುದು ಮೇಡಂ?”

ಡಾಕ್ಟರಮ್ಮ ಬರೆಯುತ್ತಿದ್ದುದನ್ನು ನಿಲ್ಲಿಸಿದರು. “ಆಡ್ಬಹುದು ಅಂತ ನಾನು ಸುಳ್ಳು ಹೇಳಲ್ಲ ಪುಟ್ಟಿ.”

ಮನೆಯಲ್ಲಿ ಅವಳಮ್ಮ ಚಿನ್ನಮ್ಮ ರೇಗಿದರು. “ಕಾಲು ಹಾಳಾಗಿದ್ದು ಸಾಲ್ದಾ? ಈಗ ನೀರಲ್ಲಿ ಬೇರೆ ಮುಳುಗಿಸ್ತೀರಾ?” ಮಾಸ್ತರು ಕೇರಂ ಬೋರ್ಡ್ ತಂದುಕೊಟ್ಟರು. ಸಂಘಮಿತ್ರಾ ಹತ್ತು ನಿಮಿಷ ಆಡಿ ಕಾಯಿಗಳನ್ನೆಲ್ಲ ಕೈಯಿಂದ ಚೆಲ್ಲಾಪಿಲ್ಲಿ ಮಾಡಿದಳು. ಹಾಲೇಶ್ ತಮ್ಮ ಸೈಕಲ್ಲನ್ನೇ ಅವಳಿಗೆ ಬಿಟ್ಟುಕೊಟ್ಟು ತಾವು ನಡೆದು ಡ್ಯೂಟಿಗೆ ಹೋಗತೊಡಗಿದರು. ಸೈಕಲ್ಲೇನೋ ಒಗ್ಗಿತು. ಆದರೆ ಎತ್ತ ಹೊರಟರೂ ಅದು ಕೊನೆಗೆ ಮೈದಾನದ ಗೇಟಿನ ಮುಂದೆಯೇ ನಿಲ್ಲುತ್ತಿತ್ತು. ನಾವು ಆಡುವುದನ್ನು ಅವಳು ಒಂದು ಕಾಲು ನೆಲಕ್ಕೂರಿ ಹೊರಗಿನಿಂದ ನೋಡುತ್ತಿದ್ದಳು. ಕರೆದರೂ ಒಳಗೆ ಬರುತ್ತಿರಲಿಲ್ಲ.

ಊತ ಇಳಿದ ಮೇಲೆ, ವಾರದ ರಜೆಯ ದಿನ ಹಾಲೇಶ್ ಅವಳನ್ನು ಶಿವಮೊಗ್ಗದ ಈಜುಕೊಳಕ್ಕೆ ಕರೆದೊಯ್ದರು. ಹೆಂಗಸರಿಗೆ ಮಧ್ಯಾಹ್ನ ಒಂದು ಗಂಟೆ ಹೊತ್ತು ಮಾತ್ರ. ಅಪ್ಪಂದಿರಿಗೂ ಒಳಗೆ ಪ್ರವೇಶವಿಲ್ಲ. ಹಾಲೇಶ್ ಗೋಡೆಯಾಚೆ ನಿಂತು, “ಭಯ ಆಗ್ತಿದೆಯೇನೇ?” ಎಂದು ಕೂಗುತ್ತಿದ್ದರಂತೆ. ಅವರಿಗೇ ಈಜು ಬರುತ್ತಿರಲಿಲ್ಲ.

“ಹೇಗಿತ್ತು?” ಎಂದು ಕೇಳಿದೆ.

“ಮಂಡಿ ಇದೆ ಅಂತಾನೇ ಮರೆತುಹೋಗುತ್ತೆ ಕಣೇ,” ಎಂದಳು. “ಆದ್ರೆ ಅಲ್ಲಿ ಯಾರೂ ಇರಲ್ಲ. ತಲೆ ಒಳಗೆ ಹಾಕಿದ್ರೆ ಒಂದು ಸದ್ದೂ ಇಲ್ಲ.”

ಪಂದ್ಯ ಮುಗಿಸಿ ಬಂದಾಗಲೆಲ್ಲ ಅವಳು ನನ್ನನ್ನು ಹಿಡಿದು ಕೂರಿಸುತ್ತಿದ್ದಳು. ಯಾರು ಎಷ್ಟು ನಿಮಿಷ ಉಳಿದರು, ಕಂಬದ ಹತ್ತಿರ ಯಾರು ಸಿಕ್ಕಿಬಿದ್ದರು, ಎಲ್ಲ ಬೇಕು. ನಾನು ಹೇಳುತ್ತ ಹೋದಂತೆ ಅವಳ ಬೆರಳುಗಳು ಚಾಪೆಯ ಮೇಲೆ ಓಡುತ್ತಿದ್ದವು. ಅವಳ ಜಾಗದಲ್ಲಿ ಆಡುವ ಸಂಕಟಕ್ಕೆ ನಾನೊಮ್ಮೆ, “ನಾನೂ ಬಿಟ್ಟುಬಿಡ್ತೀನಿ,” ಎಂದೆ. ಅವಳಿಗೆ ಸಿಟ್ಟು ಬಂತು. “ನೀನೂ ಬಿಟ್ರೆ ನಂಗೆ ಹೇಳೋರು ಯಾರು ಮಾರಾಯ್ತಿ?”

ನಾಲ್ಕು ವರ್ಷ ಈಜಿದಳು. ನಡುವೆ ಎರಡು ಸಲ ಕಾಯಿಲೆ ಕೆರಳಿ ತಿಂಗಳುಗಟ್ಟಲೆ ಮಲಗಿದ್ದೂ ಉಂಟು. ೨೦೦೧ರಲ್ಲಿ ಕಾಲೇಜುಗಳ ನಡುವಿನ ಸ್ಪರ್ಧೆಯಲ್ಲಿ, ನಾನೂರು ಮೀಟರಿನಲ್ಲಿ ಮೂರನೆಯವಳಾದಳು. ಆ ಪದಕವನ್ನು ಶಿವಮೂರ್ತಪ್ಪ ಮಾಸ್ತರ ಮನೆಗೆ ಒಯ್ದಾಗ ನಾನೂ ಇದ್ದೆ. ಮಾಸ್ತರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, “ಖುಷಿ ಆಯ್ತೇನಮ್ಮ?” ಎಂದರು.

“ಆಯ್ತು ಸಾರ್. ಆದ್ರೆ ನಂಗೆ ಬೇಕಾಗಿದ್ದು ಇದಲ್ಲ.”

“ಗೊತ್ತು ಕಣಮ್ಮ,” ಎಂದರು ಮಾಸ್ತರು. ಅವರ ಹೆಂಡತಿ ಕಾಫಿ ತಂದಿಟ್ಟರು. ಅದು ಆರುವವರೆಗೂ ಮೂವರೂ ಮುಟ್ಟಲಿಲ್ಲ.

ಈಗ ಅವಳು ಶಂಕರಘಟ್ಟದ ಯೂನಿವರ್ಸಿಟಿ ಲೈಬ್ರರಿಯಲ್ಲಿ ಕೆಲಸಕ್ಕಿದ್ದಾಳೆ. ಭಾನುವಾರ ತಪ್ಪದೆ ಈಜುತ್ತಾಳೆ. ಹೋದ ವರ್ಷ, ೨೦೦೫ರ ಡಿಸೆಂಬರಿನಲ್ಲಿ, ಭದ್ರಾವತಿ ಬಸ್‌ಸ್ಟ್ಯಾಂಡಿನಲ್ಲಿ ನಾವಿಬ್ಬರೂ ಮಾತಾಡುತ್ತ ನಿಂತಿದ್ದಾಗ ಅವಳ ಬಸ್ಸು ಹೊರಟುಬಿಟ್ಟಿತು. ನಾನು ಕೂಗುವಷ್ಟರಲ್ಲಿ ಅವಳು ಓಡಿದ್ದಳು. ಹತ್ತು ಹೆಜ್ಜೆಯೋ ಹನ್ನೆರಡೋ. ಸೆರಗು ಹಾರುತ್ತಿತ್ತು, ಬ್ಯಾಗು ಬೆನ್ನಿಗೆ ಬಡಿಯುತ್ತಿತ್ತು, ಅವಳು ಜೋರಾಗಿ ನಗುತ್ತಿದ್ದಳು. ಕಂಡಕ್ಟರು ಕೈಹಿಡಿದು ಹತ್ತಿಸಿಕೊಂಡು, “ನಿಲ್ಲಿಸ್ತಿದ್ನಲ್ಲ ಮೇಡಂ, ಯಾಕೆ ಓಡಿದ್ರಿ?” ಎಂದದ್ದು ನನಗೂ ಕೇಳಿಸಿತು.

ಮೂರು ದಿನ ಹಾಸಿಗೆ ಹಿಡಿದಳು. ನೋಡಲು ಹೋದಾಗ ಚಿನ್ನಮ್ಮ ಅವಳ ಮಂಡಿಗೆ ಐಸು ಒತ್ತುತ್ತ ಒಂದೇ ಸಮನೆ ಬೈಯುತ್ತಿದ್ದರು. ಸಂಘಮಿತ್ರಾ ಅದನ್ನು ಕೇಳಿಸಿಕೊಳ್ಳುತ್ತಿರಲಿಲ್ಲ. ನನ್ನ ಕೈ ಎಳೆದು ಹತ್ತಿರ ಕೂರಿಸಿಕೊಂಡು ಕೇಳಿದಳು:

“ನಿಜ ಹೇಳು, ಚೆನ್ನಾಗಿ ಓಡಿದ್ನಾ?”