ಮಣ್ಣಿನ ಖಾತೆ

ಮುಂಬಯಿ ಪಕ್ಕದ ಠಾಣೆ ಊರಿನ ಕೋಪರಿಯಲ್ಲಿ ನಮ್ಮ ಸಣ್ಣ ಹೋಟೆಲಿನ ಹಿಂಬದಿಯಲ್ಲಿ ಒಂದು ಕಟ್ಟಿಗೆ ಒಲೆಯಿತ್ತು. ಮಿಕ್ಕ ಅಡುಗೆಯೆಲ್ಲ ಗ್ಯಾಸಿನಲ್ಲೇ. ಸಾಂಬಾರು ಮಾತ್ರ ಆ ಒಲೆಯ ಮೇಲೇ ಆಗಬೇಕೆಂಬುದು ನಮ್ಮ ಅಡುಗೆ ಭಟ್ಟರ ಸಂವಿಧಾನ. ನಾನು ಮಾಲೀಕ, ಅಂದರೆ ಆ ಸಂವಿಧಾನಕ್ಕೆ ಸಹಿ ಹಾಕುವವನು.

ಒಲೆಯ ಆಡಳಿತದಲ್ಲಿ ಎರಡು ಖಾತೆಗಳಿದ್ದವು. ಕಬ್ಬಿಣದ ಖಾತೆ ನನ್ನದು: ಕಟ್ಟಿಗೆ ಹೊರುವ ಸರಳುಗಳು ಕಾದು ಕಾದು ಬೆನ್ನು ಬಾಗಿಸಿದಾಗ ಕಲ್ಯಾಣಕ್ಕೆ ಹೋಗಿ ಹೊಸವನ್ನು ಕತ್ತರಿಸಿ ತರುವುದು. ಮಣ್ಣಿನ ಖಾತೆ ಭಟ್ಟರದು. ಒಲೆಯ ಒಳಮೈ ಸುಟ್ಟು ಉದುರಿದಾಗ ಅವರು ಟಿಟ್ವಾಳಾದ ತಮ್ಮ ಮನೆ ಹಿಂದಿನ ಗದ್ದೆಯಿಂದ ಜೇಡಿಮಣ್ಣು ಅಗೆದು, ಅಕ್ಕಿಚೀಲದಲ್ಲಿ ತುಂಬಿ, ಬೆಳಗಿನ ಲೋಕಲ್ ರೈಲಿನಲ್ಲಿ ತರುತ್ತಿದ್ದರು. ಒಂದು ಕಾಲು ಊರಲು ಜಾಗವಿಲ್ಲದ ಗರ್ದಿಯಲ್ಲಿ ಒಂದು ಮೂಟೆ ಮಣ್ಣು! "ಕಾಕಾ, ಶೇತ್ ಘೇಊನ್ ಚಾಲಲಾತ್ ಕಾ?" ಎಂದು ಡಬ್ಬಿಯಲ್ಲಿದ್ದವರೆಲ್ಲ ಛೇಡಿಸುತ್ತಿದ್ದರಂತೆ, ಹೊಲವನ್ನೇ ಹೊತ್ತು ಹೊರಟಿರಾ ಅಂತ.

ಆ ಮಣ್ಣಿಗೆ ಬೂದಿ, ಭತ್ತದ ಹೊಟ್ಟು ಸೇರಿಸಿ ತುಳಿದು, ಅಂಗೈಯಲ್ಲೇ ಮೆತ್ತುತ್ತಿದ್ದರು. ಕರಣೆ ಕೊಟ್ಟರೆ, "ಕೈಗೆ ಗೊತ್ತಾಗುದು ಅದಕ್ಕೆ ಗೊತ್ತಾಗುದಿಲ್ಲ ಧಣಿ" ಎನ್ನುತ್ತಿದ್ದರು.

ಒಂದು ವರ್ಷ ಅವರು ಎಂಟು ದಿನ ರಜೆ ಹಾಕಿ ಉಡುಪಿ ಕಡೆಯ ತಮ್ಮ ಊರಿಗೆ ಹೋದರು. ಆಗಲೇ ಅವರಿಗೆ ಮಂಡಿನೋವು. ಈ ವಯಸ್ಸಿನಲ್ಲಿ ಇನ್ನೆಷ್ಟು ಮಣ್ಣು ಹೊರಬೇಕು ಎಂದು ನನ್ನಲ್ಲಿ ಕರುಣೆ ಉಕ್ಕಿತು. ಉಕ್ಕಿದ ಕರುಣೆಯನ್ನು ಸುಮ್ಮನೆ ಇಟ್ಟುಕೊಳ್ಳದೆ, ಗೌಂಡಿಯನ್ನು ಕರೆಸಿ ಒಲೆಗೆ ಒಳಗೂ ಹೊರಗೂ ಸಿಮೆಂಟು ಬಳಿಸಿದೆ. ನುಣ್ಣಗೆ, ಮ್ಯೂಸಿಯಮ್ಮಿನಲ್ಲಿಡುವ ಹಾಗಿತ್ತು.

ರಜೆ ಮುಗಿದು ಭಟ್ಟರು ಬಂದರು, ಹೆಗಲ ಮೇಲೆ ಮಣ್ಣಿನ ಮೂಟೆ ಸಮೇತ. ಒಲೆ ಉದುರುತ್ತಿದ್ದುದನ್ನು ಅವರು ಊರಿನಲ್ಲೂ ಮರೆತಿರಲಿಲ್ಲ. ನಾನು ನಗುತ್ತಾ ಘೋಷಿಸಿದೆ: "ಇನ್ನು ನಿಮ್ಮ ಮಣ್ಣು ಬೇಡ ಭಟ್ರೇ!"

ಹೊರುವ ಕಷ್ಟ ತಪ್ಪಿತು ಎಂದು ನನ್ನ ಅರ್ಥ. ಅವರು ಒಲೆಯ ಮೈಮೇಲೆ ಒಮ್ಮೆ ಅಂಗೈ ಆಡಿಸಿದರು. "ಹೌದಾ. ಆಯ್ತಲ್ಲ" ಎಂದು ಮೂಟೆ ಎತ್ತಿಕೊಂಡು ಹೊರಗೆ ಹೋದರು.

ಮೂರನೆಯ ದಿನ ಕಾವಿಗೆ ಸಿಮೆಂಟು ಪಟಾಕಿಯಂತೆ ಸಿಡಿದು, ಒಂದು ಚಕ್ಕೆ ಸಾಂಬಾರಿಗೇ ಬಿತ್ತು. ಭಟ್ಟರು ಪಾತ್ರೆ ಇಳಿಸಿದರು. ಒಂದು ಬೈಗುಳ ಬಂದಿದ್ದರೂ ನಾನು ಬಚಾವಾಗುತ್ತಿದ್ದೆ.

"ಗೌಂಡಿ ಡುಪ್ಲಿಕೇಟ್ ಸಿಮೆಂಟು ಹಾಕಿದ್ದಾನೆ ಭಟ್ರೇ" ಎಂದೆ. ತಪ್ಪಾಯ್ತು ಎಂಬ ಮಾತು ಗಂಟಲವರೆಗೆ ಬಂದಿತ್ತು. ಮಾಲೀಕನ ಗಂಟಲು, ಅಲ್ಲೇ ನಿಂತಿತು. "ಆ ಮಣ್ಣು ಎಲ್ಲಿದೆ?"

"ತುಳಸಿ ಕುಂಡಕ್ಕೆ ಹಾಕಿದೆ. ಅದಕ್ಕಾದ್ರೂ ಬೇಕಿತ್ತು."

"ಇನ್ನೊಂದು ಮೂಟೆ ತಂದರೆ..."

"ಮಂಡಿ ಬಿಡುದಿಲ್ಲ ಧಣಿ."

ತಿಂಗಳ ಕೊನೆಗೆ ಕೆಲಸ ಬಿಟ್ಟರು. ಕಾರಣ ಮಂಡಿಯೆಂದೇ ಹೇಳಿದರು. ನಾನು ನಂಬಿದವನಂತೆ ತಲೆಯಾಡಿಸಿದೆ. ಈಗ ಸಾಂಬಾರೂ ಗ್ಯಾಸಿನ ಮೇಲೆ. ಗಿರಾಕಿಗಳಿಗೆ ವ್ಯತ್ಯಾಸವೇ ಗೊತ್ತಾಗಿಲ್ಲ, ಅದು ಇನ್ನೊಂದು ಬೇಸರ.

ವರ್ಷಕ್ಕೊಮ್ಮೆ ಟಿಟ್ವಾಳಾದ ಗಣಪತಿಗೆ ಹೋಗುತ್ತೇನೆ. ದೇವಸ್ಥಾನದಿಂದ ಭಟ್ಟರ ಮನೆಗೆ ಹತ್ತು ನಿಮಿಷದ ದಾರಿ. ದೇವರ ಮುಂದೆ ತಪ್ಪಾಯ್ತು ಎಂದು ಸಲೀಸಾಗಿ ಕೆನ್ನೆ ಬಡಿದುಕೊಂಡು, ಸಿಕ್ಕಿದ ಲೋಕಲ್ ಹಿಡಿದು ಠಾಣೆಗೆ ವಾಪಸಾಗುತ್ತೇನೆ.