ಕೇಣಿಯ ಒಳಕೋಣೆಯ ಮಾನಿಟರ್

ಮಾನಿಟರ್ ಹಲಗೆಯಿಂದ ಜಾರಿ ಮಂಚದ ಮೇಲೆ ಬೀಳಬಹುದಿತ್ತು. ಅಷ್ಟುದ್ದದ ಕೇಬಲ್ ಹಾದು ಬರುವಷ್ಟರಲ್ಲಿ ಚಿತ್ರಕ್ಕೆ ನೆರಳು ಹತ್ತಿ, ಒಬ್ಬ ಮನುಷ್ಯನಿಗೆ ಎರಡು ಮೂಗು ಕಾಣಬಹುದಿತ್ತು. ಇಲಿ ಕೇಬಲ್ ಕಡಿಯಬಹುದಿತ್ತು. ಉಪ್ಪುಗಾಳಿಗೆ ಪಿನ್ನುಗಳು ಹಸಿರುಗಟ್ಟಬಹುದಿತ್ತು. ವೋಲ್ಟೇಜ್ ಏರಿ ಎರಡೂ ಮಾನಿಟರ್ ಒಟ್ಟಿಗೇ ಸುಟ್ಟು, ಒಂದು ಹೋದರೆ ಇನ್ನೊಂದಿದೆ ಎಂಬ ಸಮಾಧಾನವೂ ಇಲ್ಲವಾಗಬಹುದಿತ್ತು. ಗೋಡೆ ಕೊರೆಯುವಾಗ ಡ್ರಿಲ್ ಕರೆಂಟಿನ ತಂತಿಗೆ ತಾಗಿದರೆ, ಮರುದಿನದ ಪತ್ರಿಕೆಯ ಮೂಲೆಯಲ್ಲಿ ನನ್ನ ಹೆಸರು, ಅದೂ ತಪ್ಪಾಗಿ, ಅಚ್ಚಾಗಬಹುದಿತ್ತು.

2007ರಲ್ಲಿ ನಾನು ಕಾರವಾರದಲ್ಲಿ ಕಂಪ್ಯೂಟರ್ ರಿಪೇರಿಯ ಸಣ್ಣ ಅಂಗಡಿ ಇಟ್ಟುಕೊಂಡಿದ್ದೆ. ಅಂಕೋಲೆಯ ಬಸ್ಸಿನಲ್ಲಿ ಕೂತು ಇದನ್ನೆಲ್ಲ ಲೆಕ್ಕ ಹಾಕಿದ್ದೆ. ಬಸ್ಸು ತಪ್ಪೀತೆಂದು ಹೆದರಿ ಬೇಗ ಹೋಗಿ, ಹತ್ತಿದ ಮೇಲೆ ಇದು ಬೇರೆ ಬಸ್ಸೇನೋ ಎಂದು ಹೆದರುವವನು ನಾನು.

ಕರೆದಿದ್ದವಳು ಅಂಕೋಲೆ ಪಕ್ಕದ ಕೇಣಿಯ ನಾಗವೇಣಿ. ಮನೆಯ ಹೊರಕೋಣೆಯಲ್ಲಿ ಕಂಪ್ಯೂಟರ್ ಇಟ್ಟು ಜಾಬ್ ಟೈಪಿಂಗ್ ಮಾಡುತ್ತಿದ್ದಳು. ಗಂಡ ವಿಠ್ಠಲ ಕೊಲ್ಲಿ ದೇಶದ ಬಂದರೊಂದರಲ್ಲಿ ಟಗ್ ಬೋಟಿನ ಮೇಲಿದ್ದ. ಅಂದರೆ ದೊಡ್ಡ ಹಡಗುಗಳನ್ನು ಧಕ್ಕೆಗೆ ಎಳೆದು ತರುವ ಸಣ್ಣ ದೋಣಿ. ಈಚೆಗೆ ಪ್ರತಿ ಶುಕ್ರವಾರ ಅವನು ದಡಕ್ಕಿಳಿದು ಸೈಬರ್ ಕೆಫೆಗೆ ಹೋಗುತ್ತಿದ್ದ. ವೆಬ್‌ಕ್ಯಾಮ್‌ನಲ್ಲಿ ಮುಖ ಕಾಣುತ್ತಿತ್ತು, ಮಾತನ್ನು ಮಾತ್ರ ಟೈಪ್ ಮಾಡಬೇಕಿತ್ತು. ಅವನ ತಾಯಿ, ಊರೆಲ್ಲ 'ಆಯಿ' ಎನ್ನುತ್ತಿದ್ದ ಹೆಂಗಸು, ಬುಟ್ಟಿ ಹೊತ್ತು ಮೀನು ಮಾರಿ ಮಗನನ್ನು ಬೆಳೆಸಿದವರು. ಆ ವರ್ಷ ಜಾರಿ ಬಿದ್ದು ಸೊಂಟ ಮುರಿದು ಒಳಕೋಣೆಯ ಮಂಚ ಹಿಡಿದಿದ್ದರು. ಮಗನ ಮುಖ ನೋಡಿ ಎರಡು ವರ್ಷ ದಾಟಿತ್ತು.

"ಅಣ್ಣಾ, ಮೇಜು ಒಳಗೆ ಹಿಡಿಸೂದಿಲ್ಲ, ಅತ್ತೆ ಹೊರಗೆ ಬರೂಕೆ ಆಗೂದಿಲ್ಲ. ಎಂತಾರೂ ಒಂದು ಮಾಡಿ ಕೊಡಿ" ಎಂದಳು ನಾಗವೇಣಿ.

ಉಪಾಯ ಸರಳವಿತ್ತು. ಸ್ಪ್ಲಿಟರ್ ಎಂಬ ಸಣ್ಣ ಪೆಟ್ಟಿಗೆ ಕಂಪ್ಯೂಟರಿನ ಒಂದು ಚಿತ್ರವನ್ನು ಎರಡು ಕೇಬಲ್‌ಗಳಿಗೆ ಹಂಚುತ್ತದೆ. ಹೊರಗಿನ ಮಾನಿಟರಿನಲ್ಲಿ ಕಂಡದ್ದೇ ಒಳಗಿನದರಲ್ಲೂ ಕಾಣುತ್ತದೆ. ಡ್ರಿಲ್ಲಿನ ಭಯಕ್ಕೆ ಕೇಬಲನ್ನು ಬಾಗಿಲ ಮೇಲಿನ ಕಿಂಡಿಯಿಂದ ಹಾಯಿಸಿ, ಹಳೆಯದೊಂದು ಮಾನಿಟರನ್ನು ಮಂಚದೆದುರಿನ ಹಲಗೆಯ ಮೇಲಿಟ್ಟು, ಬಲೆಯ ನೈಲಾನ್ ಹಗ್ಗದಿಂದ ಬಿಗಿದೆ. ಸಾಲದೆಂದು ಮತ್ತೊಂದು ಸುತ್ತು ಬಿಗಿದೆ.

"ಅದೆಂತಾ ತಮಾ, ಕದ್ದ ಕೋಳಿ ಕಟ್ಟಿದಂಗೆ ಕಟ್ಟೂದು?" ಎಂದರು ಆಯಿ.

"ಬೀಳಬಾರದಲ್ಲ ಆಯೀ."

"ಬಿದ್ರೆ ಬೀಳ್ತದೆ. ಮುರೂಕೆ ಇನ್ನೊಂದು ಸೊಂಟ ಎಲ್ಲದೆ ನನಗೆ?"

ಆ ಶುಕ್ರವಾರ ಮಧ್ಯಾಹ್ನ ನಾನು ಮತ್ತೆ ಹೋದೆ. ಕರೆದಿರಲಿಲ್ಲ. ಚಿತ್ರಕ್ಕೆ ನೆರಳು ಬಂದೀತೇ ನೋಡದಿದ್ದರೆ ಊಟ ಇಳಿಯುತ್ತಿರಲಿಲ್ಲ. ಒಳಕೋಣೆಯಲ್ಲಿ ಆಯಿ ದಿಂಬುಗಳಿಗೆ ಒರಗಿ ಕೂತಿದ್ದರು. ತಲೆಗೆ ಎಣ್ಣೆ ಹಚ್ಚಿ ತುರುಬು ಕಟ್ಟಿಸಿಕೊಂಡು, ಅಬ್ಬಲಿಗೆ ಮುಡಿದು, ಮಡಿಕೆಯ ಗೆರೆ ಇನ್ನೂ ಮಾಸದ ಸೀರೆ ಉಟ್ಟಿದ್ದರು. ನನಗೆ ಅದು ಹಬ್ಬದ ಕಳೆಯಾಗಿ ಕಂಡಿತೇ ಹೊರತು, ಯಾಕೆ ಎಂಬ ಪ್ರಶ್ನೆ ಹುಟ್ಟಲಿಲ್ಲ.

ವಿಠ್ಠಲನ ಮುಖ ಬಂತು. ನಾನು ನೋಡಿದ್ದು ಅವನ ಮೂಗನ್ನು. ಒಂದೇ ಇತ್ತು. ಗೆದ್ದೆ ಅಂದುಕೊಂಡೆ.

"ಎಷ್ಟು ಸಪೂರ ಆದ ನೋಡು" ಎನ್ನುತ್ತ ಆಯಿ ನಿಧಾನಕ್ಕೆ ತೆರೆಯತ್ತ ವಾಲಿದರು. "ವಿಠ್ಠಲಾ, ಮಗಾ, ಇಲ್ಲಿ ನೋಡು. ರಾತ್ರಿ ಹೊರಳೂಕೆ ಆಗೂದಿಲ್ಲ ನನಗೆ. ಸೊಸೆ ಹತ್ರ ಹೇಳಲಿಲ್ಲ, ಹೆದರ್ತದೆ ಅದು. ನಾ ಇನ್ನು ಏಳೂದಿಲ್ಲ ಅಂತ ಕಾಣ್ತದೆ."

ವಿಠ್ಠಲ ಬೇರೆಲ್ಲೋ ನೋಡುತ್ತಿದ್ದ. ಮರುಗಳಿಗೆ ಹಲ್ಲೆಲ್ಲ ಕಾಣುವಂತೆ ನಕ್ಕ.

ತೆರೆಯ ಕೆಳಗೆ ನಾಗವೇಣಿ ಹೊರಗಿನಿಂದ ಟೈಪ್ ಮಾಡಿದ ಸಾಲಿತ್ತು: ರಿಪೇರಿಯವನು ಮಾನಿಟರಿಗೆ ಬಲೆ ಹಗ್ಗ ಕಟ್ಟಿದ್ದಾನೆ, ಓಡಿಹೋಗ್ತದೆ ಅಂತ. ಆಯಿಗೆ ಓದಲು ಬಾರದು. ಅವರು ನಗುವನ್ನಷ್ಟೇ ಕಂಡರು. ಸೆರಗೆಳೆದುಕೊಂಡು ಗೋಡೆಯತ್ತ ಮುಖ ತಿರುಗಿಸಿದರು.

ಆಗ ನನಗೆ ಹೊಳೆಯಿತು. ಕ್ಯಾಮೆರಾ ಇರುವುದು ಹೊರಕೋಣೆಯಲ್ಲಿ, ಅವನಿಗೆ ಕಾಣುವುದು ನಾಗವೇಣಿ ಮಾತ್ರ ಎಂದು ತೊದಲುತ್ತ ವಿವರಿಸಿದೆ.

"ನನ್ನ ಕಾಣೂದಿಲ್ಲ ಅವಂಗೆ?"

"ಇಲ್ಲ ಆಯೀ."

"ನಾ ಹೇಳ್ದದ್ದೂ ಕೇಳೂದಿಲ್ಲ?"

"ಇಲ್ಲ."

"ಹಂಗಾರೆ ಈ ಹೂವು ಯಾರಿಗೆ ಮುಡ್ಕಂಡು ಕೂತಿದ್ದೆ ನಾನು?"

ಹೊರಗೆ ಓಡಿ ಕ್ಯಾಮೆರಾ ಕಿತ್ತು ತಂದೆ. ಅದರ ವೈರು ಹೊಸಿಲಿನವರೆಗೂ ಬರಲಿಲ್ಲ. ಅಷ್ಟರಲ್ಲಿ ಕೆಫೆಯಲ್ಲಿ ವಿಠ್ಠಲನ ಹೊತ್ತು ಮುಗಿದು ಚಿತ್ರ ಹೋಯಿತು.

ಮುಂದಿನ ಶುಕ್ರವಾರ ಉದ್ದದ ಯುಎಸ್‌ಬಿ ಎಕ್ಸ್‌ಟೆನ್ಶನ್ ತಂದು ಕ್ಯಾಮೆರಾವನ್ನು ಮಂಚದೆದುರು ನಿಲ್ಲಿಸಿದೆ. ವಿಠ್ಠಲ ತಾಯಿಯನ್ನು ನೋಡಿ ಕೈಮುಗಿದ, ಕಣ್ಣೊರೆಸಿಕೊಂಡ. ನೋವು ಹೇಗಿದೆ ಎಂದು ಟೈಪ್ ಮಾಡಿದ. ನಾಗವೇಣಿ ಅದನ್ನು ಓದಿ ಹೇಳಿದಾಗ ಆಯಿ ಮಗನನ್ನೇ ನೋಡುತ್ತ, "ಎಲ್ಲಾ ಸರಿ ಆಯ್ತು ಅಂತ ಬರಿ" ಎಂದರು. ನಾನು ಹೊಸಿಲಲ್ಲಿ ನಿಂತಿದ್ದೆ. ಅವರು ನನ್ನತ್ತ ನೋಡಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ಬಿಡಬೇಕಿತ್ತೇ ಎಂಬುದು ಇವತ್ತಿಗೂ ಇತ್ಯರ್ಥವಾಗಿಲ್ಲ.

ಅಲ್ಲಿಂದೀಚೆಗೆ ಯಾರ ಮನೆಯಲ್ಲಿ ಏನು ಜೋಡಿಸಿದರೂ, ಆ ಯಂತ್ರ ಏನು ಮಾಡುವುದಿಲ್ಲ ಎಂಬುದನ್ನು ಮೊದಲು ಹೇಳುತ್ತೇನೆ. ಗಿರಾಕಿಗಳು ಇವನಿಗೆ ಮಾರಲು ಬರುವುದಿಲ್ಲ ಎಂದು ನಗುತ್ತಾರೆ. ನಗಲಿ. ಕೇಣಿಯಲ್ಲಿ ನಾನು ಹೆದರಿದ್ದು ಯಾವುದೂ ಆಗಲಿಲ್ಲ. ತಪ್ಪಿದ್ದು ಒಂದೇ, ಹಗ್ಗ ಬಿಗಿಯುತ್ತಿದ್ದಾಗಲೇ ಹೇಳಿ ಮುಗಿಸಬಹುದಾಗಿದ್ದ ಒಂದು ಮಾತು: ಆಯೀ, ಇದರಲ್ಲಿ ನೀವು ಅವನನ್ನ ನೋಡ್ತೀರಿ, ಅವ ನಿಮ್ಮನ್ನ ನೋಡೂದಿಲ್ಲ.